ಸದ್ಯದ ಸ್ಥಿತಿ: ಆಳು

ನಮ್ಮ ಮದ್ದೂರು ಕಡೆ ಕೆಲಸಕ್ಕೆ ಬರ ಇರಬಹುದು, ಕೆಲಸ ಕೊಡಿಸುವ ಯೋಜನೆಗಳಿಗೆ ಯಾವತ್ತೂ ಬರವಿಲ್ಲ. ಊರಾಚೆಯ ಕೈಗಾರಿಕಾ ಪ್ರದೇಶದ ಒಂದು ಗಾರ್ಮೆಂಟ್ಸ್‌ನಲ್ಲಿ ಹಾಜರಿ ನೋಡಿಕೊಳ್ಳುವ ನನಗೆ, ಹೊಸ ಯೋಜನೆ ಬಂತೆಂದರೆ ಸಿನಿಮಾ ನೋಡುವ ಖರ್ಚು ಉಳಿಯುತ್ತದೆ.

ಈ ಸಲದ್ದು ಹೀಗಿತ್ತು: ಎಂದೂ ಕೆಲಸಕ್ಕೆ ಹೋಗದ ಸ್ಥಳೀಯರನ್ನು ಸೇರಿಸಿಕೊಂಡರೆ ಅವರ ಸಂಬಳದ ಒಂದು ಪಾಲನ್ನು ಸರ್ಕಾರವೇ ಫ್ಯಾಕ್ಟರಿಗೆ ಕೊಡುತ್ತದೆ. ಸುದ್ದಿ ಮುಟ್ಟಿದ್ದೇ ತಡ, ಬೆಳಕವಾಡಿಯಿಂದ ನನ್ನ ಅಕ್ಕ ಮಗನನ್ನು ಕರೆದುಕೊಂಡು ಬಂದೇಬಿಟ್ಟಳು. ಅವಳಿಗೆ ಬೇಕಾಗಿದ್ದದ್ದು ಸಂಬಳವಲ್ಲ, ಸೊಸೆ. ಕೆ.ಎಂ. ದೊಡ್ಡಿಯಲ್ಲಿ ನೋಡಿ ಬಂದಿದ್ದ ಹೆಣ್ಣಿನ ತಂದೆ, "ಉಡ್ಗಂಗೊಂದು ಕೆಲ್ಸ ಅಂತ ಆಗ್ಲಿ, ಆಮ್ಯಾಕೆ ಮಾತಾಡವ" ಅಂದುಬಿಟ್ಟಿದ್ದರು.

ಲೋಕಲ್

ಗೇಟಿನಲ್ಲಿ 'ಸ್ಥಳೀಯರಿಗೆ ಮಾತ್ರ' ಎಂದು ಬೋರ್ಡು. ಅದರ ಕೆಳಗೆ ಕೂತು ಸ್ಥಳೀಯರನ್ನು ಆರಿಸುತ್ತಿದ್ದ ಸೆಕ್ಯೂರಿಟಿಯವನು ಬಿಹಾರದವನು. ಅಕ್ಕನ ಮಗನನ್ನು ತಡೆದು, "ಯಾವೂರ್ಲಾ?" ಅಂದ.

"ಬೆಳಕವಾಡಿ. ಮಳವಳ್ಳಿ ತಾಲ್ಲೂಕು."

"ಇದು ಮದ್ದೂರು. ನೀನು ಲೋಕಲ್ ಅಲ್ಲ. ಓಗ್ಲಾ, ಓಗು."

ನಾನು ಓಡಿಹೋಗಿ, "ಬಿಹಾರದವನು, ಬಿಡಕ್ಕ" ಎಂದು ಸಮಾಧಾನ ಹೇಳಿ ಇಬ್ಬರನ್ನೂ ಒಳಗೆ ಕರೆತಂದೆ. ಅಕ್ಕನಿಗೆ ಬೇಜಾರೇ ಆಗಿರಲಿಲ್ಲ. "ಅವ್ನು ಬಿಹಾರ್ದೋನು ಅಂತ ಯಾವೋನ್ಲಾ ಏಳ್ದೋನು? ಬಯ್ಯೋದು ನೋಡಿದ್ರೆ ನಮ್ಮೋನೇ ಕಣ್ಲಾ" ಅಂದಳು.

ತರಬೇತಿ

ಒಳಗೆ ಸೂಪರ್‌ವೈಸರ್ ಹೊಲಿಗೆ ಬರುತ್ತದಾ ಎಂದು ಕೇಳಿದರು. ಅಕ್ಕನ ಮಗ ಹೆಮ್ಮೆಯಿಂದ ಸರ್ಕಾರಿ ತರಬೇತಿಯ ಸರ್ಟಿಫಿಕೇಟು ತೆಗೆದಿಟ್ಟ. "ಸರಿ, ಈ ಮಿಷನ್ನಿಗೆ ದಾರ ಹಾಕು" ಅಂದರು. ಅವನು ಮಿಷನ್ನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ತರಬೇತೀಲಿ ಮಿಷನ್ ಇರ್ಲಿಲ್ವೇನಪ್ಪಾ?"

"ಇತ್ತು ಸಾರ್. ಉದ್ಘಾಟನೆ ದಿಸ ಬಂದಿತ್ತು. ಪೋಟೋ ತೆಗುದ್ಮೇಲೆ ಇನ್ನೊಂದೂರಿನ ಉದ್ಘಾಟನೆಗೆ ಓಯ್ತು."

"ಮತ್ತೆ ಅಷ್ಟು ದಿನ ಏನು ಕಲಿಸಿದರು?"

"ಚಪ್ಪಾಳೆ ಸಾರ್."

ಒಂದು ಅಕ್ಷರ

ಕೊನೆಯದು ಅಧಿಕಾರಿಗಳ ಮೇಜು. ಧಾರವಾಡ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ಸಾಹೇಬರು ಅಕ್ಕನನ್ನು ಕೇಳಿದರು. "ನಿಮ್ಮ ಮಗ ಈಗ ಏನ್ ಮಾಡ್ಲಿಕ್ಕತ್ತಾನವ್ವಾ?"

"ಏನ್ ಏಳನ ಸ್ವಾಮಿ, ಆಳಾಗೋಗವ್ನೆ."

"ಆಳು? ಎಷ್ಟು ವರ್ಷ ಆತು?"

"ಕಾಲೇಜು ಬುಟ್ಟಾಗ್ಲಿಂದ್ಲೂವೆ."

"ಯಾರ ಮನ್ಯಾಗ?"

"ನಮ್ಮನೇಲೆ ಸ್ವಾಮಿ. ಬೇರೆ ಯಾರ್ ಇಟ್ಕತಾರೆ ಇವುನ್ನ?"

ಸಾಹೇಬರು 'ಸದ್ಯದ ಸ್ಥಿತಿ: ಆಳು' ಎಂದು ಬರೆದು, "ಈಗಾಗ್ಲೇ ಕೆಲಸಾ ಮಾಡೋರಿಗೆ ಈ ಯೋಜನಾ ಬರೂದಿಲ್ರಿ" ಎಂದು ಕಾಗದ ಪಕ್ಕಕ್ಕಿಟ್ಟರು. ಅಕ್ಕನ ಮುಖ ನೋಡಲಾಗಲಿಲ್ಲ. ನಾನು ಮುಂದೆ ಬಂದು, "ಸಾರ್, ನಮ್ಮ ಕಡೆ ಬಾಯಲ್ಲಿ ಹಕಾರ ನಿಲ್ಲಲ್ಲ. ಅದು ಆಳಲ್ಲ, ಹಾಳು. ಹುಡುಗ ಒಂದು ದಿನವೂ ದುಡಿದಿಲ್ಲ, ಪೂರ್ತಿ ಹಾಳಾಗಿದ್ದಾನೆ" ಎಂದು ಅಂಗಲಾಚಿದೆ.

ಸಾಹೇಬರು ಒಳ್ಳೆಯವರು. 'ಆ' ಹೊಡೆದುಹಾಕಿ ಮೇಲೆ 'ಹಾ' ಬರೆದು, ಪಕ್ಕದಲ್ಲಿ ಸಹಿ ಹಾಕಿ ಸೀಲು ಒತ್ತಿ, ಅದನ್ನೇ ಆಯ್ಕೆ ಪತ್ರ ಮಾಡಿ ಕೊಟ್ಟರು. ನಮ್ಮ ಹುಡುಗ ಹಾಳಾಗಿದ್ದಾನೆಂದು ಊರಿಗೆಲ್ಲ ಗೊತ್ತಿತ್ತು, ಈಗ ಸರ್ಕಾರವೂ ಮಂಜೂರು ಮಾಡಿತು.

ಸರಿಯಾಗಿ ಓದುವುದು

ಸರ್ಕಾರದ ಸೀಲು ಇದೆಯೆಂದು ಅಕ್ಕ ಆ ಕಾಗದಕ್ಕೆ ಲ್ಯಾಮಿನೇಶನ್ ಮಾಡಿಸಿ ಗೋಡೆಗೆ ನೇತುಹಾಕಿದಳು. ಹೆಣ್ಣಿನ ತಂದೆ ಮಾತುಕತೆಗೆ ಬಂದವರು ಮೊದಲು ಹೋಗಿ ನಿಂತದ್ದು ಅದರ ಮುಂದೆಯೇ. ನಾನು ಕಾಫಿ ಲೋಟ ಕೆಳಗಿಟ್ಟೆ. ಅವರು ಕನ್ನಡಕ ಏರಿಸಿಕೊಂಡು ಎಲ್ಲರಿಗೂ ಕೇಳುವಂತೆ ಓದಿದರು.

"ಸದ್ಯದ ಸ್ತಿತಿ, ಆಳು."

ನಮ್ಮ ಕಡೆಯ ಬಾಯಿ ನಮ್ಮ ಮಾನ ಕಾಪಾಡಿತು. "ಅಂದ್ರೆ ಪ್ಯಾಕ್ಟ್ರಿ ಆಳು. ಸರಿ ಬುಡು" ಎಂದು ಕೂತರು. ಮತ್ತೆ ಅನುಮಾನ ಬಂದು ಅಕ್ಕನನ್ನು ಕೇಳಿದರು. "ಪರ್ಮನೆಂಟಾ ಕಣಮ್ಮ?"

"ಪರ್ಮನೆಂಟೇ ಕಣಣ್ಣ. ಸರ್ಕಾರ್ದೋರೇ ಸೀಲ್ ಒಡ್ದು ಕೊಟ್ಟವ್ರಲ್ಲ."

ಮದುವೆ ಆಯಿತು. ಸರ್ಕಾರದ ಪಾಲು ಬರುವುದು ನಿಂತ ತಿಂಗಳೇ ಫ್ಯಾಕ್ಟರಿಯವರು ಯೋಜನೆಯ ಹುಡುಗರನ್ನೆಲ್ಲ ಮನೆಗೆ ಕಳಿಸಿದರು. ಅಷ್ಟರಲ್ಲಿ ಸೊಸೆ ಅದೇ ಫ್ಯಾಕ್ಟರಿಗೆ ಟೈಲರ್ ಆಗಿ ಸೇರಿದ್ದಳು. ಮಗಳು ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತುವುದನ್ನೂ ಅಳಿಯ ಜಗುಲಿಯಲ್ಲಿ ಮೊಬೈಲು ನೋಡುತ್ತಾ ಮಲಗಿರುವುದನ್ನೂ ಕಣ್ಣಾರೆ ಕಂಡ ಬೀಗರು ಕೆಂಡವಾಗಿ ಒಳಗೆ ನುಗ್ಗಿದರು.

"ಪರ್ಮನೆಂಟು ಅಂತ ಸುಳ್ಳು ಏಳಿ ಎಣ್ಣು ತಂದ್ರಲ್ಲಮ್ಮ ನೀವು?"

ಅಕ್ಕ ರಾಗಿ ಕೇರುತ್ತಿದ್ದ ಮೊರವನ್ನು ಕೆಳಗೂ ಇಡಲಿಲ್ಲ. ಗದ್ದದಲ್ಲೇ ಗೋಡೆ ತೋರಿಸಿ ಅಂದಳು.

"ನಾವ್ಯಾಕಣ್ಣ ಸುಳ್ಳು ಏಳನ? ಅಲ್ಲೇ ಬರ್ದದೆ. ಇನ್ನೊಂದ್ಸಲ ಸರ್ಯಾಗಿ ಓದ್ಕೊ."

ಬೀಗರು ಕನ್ನಡಕ ಏರಿಸಿದರು. ಈ ಸಲ ಮನಸ್ಸಿನಲ್ಲೇ ಓದಿಕೊಂಡರು.