ಮೂವತ್ತೆಂಟು ಹೆಜ್ಜೆ ಉಳಿಸಿದ ದ್ವಾದಶಿ

ನಮ್ಮ ಮನೆಯ ಅಡಿಗೆಮನೆಯನ್ನು ಉದ್ಧಾರ ಮಾಡಿಯೇ ತೀರುತ್ತೇನೆಂದು ನಾನು ಶಪಥ ಮಾಡಿದ್ದು ೧೯೬೧ನೇ ಇಸವಿಯ ಒಂದು ಮಂಗಳವಾರ, ಪೆರಂಬೂರಿನಿಂದ ತಿರುವಲ್ಲಿಕ್ಕೇಣಿಗೆ ಬರುವ ಬಸ್ಸಿನಲ್ಲಿ, ಒಂಟಿ ಕಾಲಿನ ಮೇಲೆ ನಿಂತು. ಇನ್ನೊಂದು ಕಾಲನ್ನು ಇಡಲು ಜಾಗವಿರಲಿಲ್ಲ. ದೊಡ್ಡ ದೊಡ್ಡ ತಪಸ್ವಿಗಳೆಲ್ಲ ಹೀಗೆ ನಿಂತೇ ವರ ಪಡೆದದ್ದಲ್ಲವೆ! ನನಗೂ ಆ ಬಸ್ಸಿನಲ್ಲಿ ಜ್ಞಾನೋದಯವಾಯಿತು.

ನನ್ನ ಹೆಸರು ಬದರಿನಾಥ. ಪಂಪು ತಯಾರಿಸುವ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಗುಮಾಸ್ತ. ಹನ್ನೆರಡು ವರ್ಷ ನಟ್ಟು ಬೋಲ್ಟುಗಳ ನಡುವೆ ತಣ್ಣಗೆ ಕುಳಿತಿದ್ದವನನ್ನು ಮ್ಯಾನೇಜರು ಎಬ್ಬಿಸಿ, 'ಕೆಲಸದ ಪದ್ಧತಿಯ ಸುಧಾರಣೆ ಮತ್ತು ಗುಣಮಟ್ಟ' ಎಂಬ ಹತ್ತು ದಿನದ ತರಬೇತಿಗೆ ನೂಕಿದರು. ಕಲಿಸಲು ಬೊಂಬಾಯಿಯಿಂದ ರಘುರಾಮ್ ಎಂಬುವರು ಬಂದಿದ್ದರು. ಮದರಾಸಿನ ಮೇ ತಿಂಗಳಲ್ಲೂ ಟೈ ಬಿಚ್ಚದ ಮಹಾನುಭಾವರು! ಅವರು ನಮ್ಮ ಕೈಗೆ ಒಂದೊಂದು ಸ್ಟಾಪ್‌ವಾಚು ಕೊಟ್ಟು ಮಂತ್ರೋಪದೇಶ ಮಾಡಿದರು.

"ಯಾವ ಕೆಲಸ ಕಂಡರೂ ಮೂರು ಪ್ರಶ್ನೆ ಕೇಳಿ. ಇದು ಬೇಕೆ? ಇಲ್ಲೇ ಬೇಕೆ? ಇವರೇ ಬೇಕೆ? ನಡೆದದ್ದನ್ನು ನಡೆದ ಹಾಗೆಯೇ ಬರೆಯಿರಿ. ಒಂದು ಸೆಕೆಂಡನ್ನೂ ಮುಚ್ಚಿಡಬೇಡಿ. ಸುಳ್ಳು ಚಾರ್ಟು ಬರೆಯುವವನು ಈ ವಿದ್ಯೆಗೆ ದ್ರೋಹಿ!"

ಮುಂದಿನ ಸೋಮವಾರ ಪ್ರತಿಯೊಬ್ಬರೂ ಒಂದೊಂದು ಕೆಲಸವನ್ನು ಸುಧಾರಿಸಿ, ಅದರ ಚಾರ್ಟು ತರಬೇಕು. ಎಲ್ಲರಿಗಿಂತ ಚೆನ್ನಾಗಿ ಮಾಡಿದವರಿಗೆ ಬೊಂಬಾಯಿಯಲ್ಲಿ ಮೇಲಿನ ತರಬೇತಿ. ಮಿಕ್ಕವರೆಲ್ಲ ಲೇತು, ಗ್ರೈಂಡರು ಅಂತ ಓಡಿದರು. ನಾನು ಓಡಿದ್ದು ಮನೆಗೆ.

"ಜಯಾ, ಇನ್ನು ಮೇಲೆ ನಿನ್ನ ಕಷ್ಟವೆಲ್ಲ ಮುಗಿಯಿತು ಅಂತ ತಿಳಿ" ಎಂದೆ ಹೆಂಡತಿ ಜಯಲಕ್ಷ್ಮಿಗೆ.

"ಯಾಕ್ರೀ, ಬೇರೆ ಊರಿಗೆ ವರ್ಗ ಆಯ್ತಾ ನಿಮಗೆ?"

ಮೂರು ಪ್ರಶ್ನೆಗಳ ಮಹಿಮೆಯನ್ನು ಅವಳಿಗೆ ವಿವರಿಸಿದೆ. ಕೈಯಲ್ಲಿದ್ದ ಸೊಪ್ಪು ಬಿಡಿಸುತ್ತಲೇ ಕೇಳಿದಳು. "ಆ ಮೂರನೇದು, 'ಇವರೇ ಬೇಕೆ?' ಅಂತ... ಅದು ನಂಗೆ ಮದುವೆಗೆ ಮುಂಚೆ ಗೊತ್ತಾಗ್ಬೇಕಿತ್ತು" ಎಂದಳು. ಇಂಥ ಮಾತಿಗೆಲ್ಲ ಸುಧಾರಕರು ಕುಗ್ಗಬಾರದು.

ನಾನು ಆರಿಸಿಕೊಂಡದ್ದು ಸಾಮಾನ್ಯ ಅಡಿಗೆಯನ್ನಲ್ಲ. ಆ ಶನಿವಾರ ಏಕಾದಶಿ, ಭಾನುವಾರ ದ್ವಾದಶಿ. ಅದೂ ಎಂಥ ದ್ವಾದಶಿ! ಸೂರ್ಯೋದಯವಾದ ಮೇಲೆ ಒಂದು ಗಂಟೆ ಕೂಡ ಉಳಿಯದ ದ್ವಾದಶಿ. ಪಂಚಾಂಗದ ಪ್ರಕಾರ ಆರು ಗಂಟೆ ನಲವತ್ತೊಂದು ನಿಮಿಷಕ್ಕೆ ಮುಗಿದುಹೋಗುತ್ತದೆ. ಅಷ್ಟರೊಳಗೆ ಸ್ನಾನ, ಮಡಿ ಅಡಿಗೆ, ಪೂಜೆ, ನೈವೇದ್ಯ ಎಲ್ಲ ಮುಗಿಸಿ, ಉಂಡು ಉಪವಾಸ ಬಿಡುವ ಪಾರಣೆ ಮಾಡಬೇಕು. ನನ್ನ ತಾಯಿ ಜಾನಕಮ್ಮನಿಗೆ ಅರವತ್ತೆಂಟು ವರ್ಷ. ಏಕಾದಶಿಯ ದಿನ ಒಂದು ತೊಟ್ಟು ನೀರೂ ಮುಟ್ಟುವವಳಲ್ಲ. ನಲವತ್ತು ವರ್ಷದಲ್ಲಿ ಒಂದೇ ಒಂದು ಪಾರಣೆಯನ್ನೂ ತಪ್ಪಿಸಿದವಳಲ್ಲ. ವೇಳೆ ತಪ್ಪಿದರೆ ವ್ರತವೇ ಕೆಟ್ಟಂತೆ. ಇಂಥ ಗಡುವಿನ ಕೆಲಸವನ್ನೇ ಸುಧಾರಿಸಿದರೆ ಬೊಂಬಾಯಿಯ ರೈಲು ನನ್ನನ್ನು ಬಿಟ್ಟು ಹೊರಡುವುದುಂಟೆ?

ಮೂರು ದಿನ ಬೆಳಗ್ಗೆ ಅಡಿಗೆಮನೆಯ ಹೊಸ್ತಿಲ ಹೊರಗೆ ಮಣೆ ಹಾಕಿಕೊಂಡು, ಸ್ಟಾಪ್‌ವಾಚು ಹಿಡಿದು ಕುಳಿತೆ. ಕೆಲಸ ಮಾಡಿದರೆ ಸೊನ್ನೆ, ನಡೆದರೆ ಬಾಣದ ಗುರುತು, ಪರೀಕ್ಷೆಗೆ ಚೌಕ. ನನ್ನ ಹೆಂಡತಿಯ ಬೆಳಗು ಕಾಗದದ ಮೇಲೆ ಕುರುಕ್ಷೇತ್ರವಾಯಿತು. ಎಲ್ಲಿ ನೋಡಿದರೂ ಬಾಣ!

"ಚೌಕ ಒಂದೂ ಇಲ್ಲವಲ್ಲ!" ಎಂದು ಗಾಬರಿಯಾದೆ. "ಜಯಾ, ನಿನ್ನ ಅಡಿಗೆಯಲ್ಲಿ ಪರೀಕ್ಷೆಯೇ ಇಲ್ಲ. ಉಪ್ಪು ಸರಿಯಾಗಿದೆಯೋ ಇಲ್ಲವೋ ಮಧ್ಯದಲ್ಲಿ ಒಂದು ಚಮಚ ರುಚಿ ನೋಡಬೇಡವೆ?"

ದೇವರ ಕೋಣೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅಮ್ಮ ಅಲ್ಲಿಂದಲೇ ಕೂಗಿದಳು. "ಎನ್ನಡಾ ಇದು ಅನಾಚಾರ! ನೈವೇದ್ಯಕ್ಕೆ ಮುಂಚೆ ರುಚಿ ನೋಡೋದಾ? ದೇವರ ಎಂಜಲು ನಾವು ತಿನ್ಬೇಕೋ, ನಿನ್ನ ಎಂಜಲು ದೇವರು ತಿನ್ಬೇಕೋ?"

ಗುಣಮಟ್ಟದ ವಿಭಾಗವನ್ನು ಅಲ್ಲಿಗೇ ಮುಚ್ಚಿದೆ. ಬಾಣಗಳ ಕಡೆ ತಿರುಗಿದೆ.

ನಮ್ಮದು ತಿರುವಲ್ಲಿಕ್ಕೇಣಿಯ ಹಳೆಯ ಮನೆ. ರೈಲು ಡಬ್ಬಿಗಳ ಹಾಗೆ ಕೋಣೆಯ ಹಿಂದೆ ಕೋಣೆ. ಕಟ್ಟಕಡೆಗೆ ಅಡಿಗೆಮನೆ, ಅದರಾಚೆ ಬಾವಿ. ಮಡಿ ಸೀರೆಯನ್ನು ಒಗೆದು ಒಣಗಹಾಕುವ ಗಳು ಮಾತ್ರ ನಡುಮನೆಯ ಸೂರಿನಲ್ಲಿ, ಯಾರ ಕೈಗೂ ಎಟುಕದಷ್ಟು ಎತ್ತರದಲ್ಲಿ. ಬಾವಿಕಟ್ಟೆಯಲ್ಲಿ ಸ್ನಾನ ಮಾಡಿದ ಜಯಾ ಒದ್ದೆ ಬಟ್ಟೆಯಲ್ಲೇ ನಡುಮನೆಗೆ ಬಂದು, ಕೋಲಿನಿಂದ ಆ ಸೀರೆ ಇಳಿಸಿ ಉಟ್ಟುಕೊಂಡು, ಮತ್ತೆ ಅಡಿಗೆಮನೆಗೆ ಹೋಗಬೇಕು. ಎಣಿಸಿದೆ. ಮೂವತ್ತೆಂಟು ಹೆಜ್ಜೆ! ಕಟ್ಟಿಗೆ ಇದ್ದದ್ದು ಅಟ್ಟದ ಕೆಳಗೆ. ಅಲ್ಲಿಗೆ ಇನ್ನೊಂದು ಹದಿನಾರು. ವರ್ಷಕ್ಕೆ ಲೆಕ್ಕ ಹಾಕಿದರೆ ನನ್ನ ಹೆಂಡತಿ ಸುಮ್ಮಸುಮ್ಮನೆ ಪೆರಂಬೂರಿನತನಕ ನಡೆದು ವಾಪಸು ಬರುತ್ತಿದ್ದಳು!

ಶನಿವಾರ ಸಂಜೆ ಅತ್ತೆ ಸೊಸೆ ಗುಡಿಗೆ ಹೋದರು. ಇದೇ ಸಮಯವೆಂದು ಕಾರ್ಖಾನೆಯಿಂದ ಬಂದ ಬಟ್ಟೆಯಲ್ಲೇ ಕಾರ್ಯಾಚರಣೆಗೆ ಇಳಿದೆ. ಕಟ್ಟಿಗೆಯನ್ನೆಲ್ಲ ಹೊತ್ತು ತಂದು ಬಾವಿಕಟ್ಟೆಯ ಪಕ್ಕ, ಅಡಿಗೆಮನೆಯ ಬಾಗಿಲಿಗೆ ಅಂಟಿಕೊಂಡಂತೆ ಜೋಡಿಸಿದೆ. ಆಮೇಲೆ ಮಡಿ ಸೀರೆ. ನನಗೆ ಅಷ್ಟೂ ತಿಳಿಯದೆ? ಸ್ನಾನವಿಲ್ಲದೆ ಮುಟ್ಟಿದರೆ ಮೈಲಿಗೆ. ಕೋಲಿನ ತುದಿಯಲ್ಲೇ ಎತ್ತಿ, ಕೋಲಿನ ತುದಿಯಲ್ಲೇ ಹೊತ್ತು, ಸ್ನಾನದ ತಡಿಕೆಯ ಒಳಗಿನ ಗೂಟಕ್ಕೆ ನೇತುಹಾಕುವುದೆಂದು ನನ್ನ ಯೋಜನೆ. ಮೊದಲ ಇಪ್ಪತ್ತು ಹೆಜ್ಜೆ ರಥೋತ್ಸವದಂತೆ ಸಾಗಿತು. ಹೊಸ್ತಿಲು ದಾಟುವಾಗ ಕೋಲು ವಾಲಿತು, ಸೀರೆ ಜಾರಿತು, ನೆಲಕ್ಕೆ ಬೀಳುವುದರೊಳಗೆ ನಾನು ಎರಡೂ ಕೈಯಿಂದ ಗಬಕ್ಕನೆ ಹಿಡಿದುಬಿಟ್ಟೆ!

ಸುತ್ತ ನೋಡಿದೆ. ಯಾರೂ ಇಲ್ಲ. ಗೂಟಕ್ಕೆ ಹಾಕಿ, ಮಡಿಕೆ ನೇರ ಮಾಡಿ, ಏನೂ ಆಗದವನ ಹಾಗೆ ಜಗಲಿಗೆ ಬಂದು ಕುಳಿತು ಚಾರ್ಟು ತುಂಬಿದೆ.

ಭಾನುವಾರ ನಸುಕಿನಲ್ಲೇ ಎಲ್ಲರೂ ಎದ್ದೆವು. ಬಾವಿಕಟ್ಟೆಯಿಂದ ಜಯಾಳ ದನಿ ಬಂತು. "ಏನ್ರೀ, ಸೀರೆ ಇಲ್ಲಿಗೆ ಹೇಗೆ ಬಂತು?"

"ಕೋಲಿನಿಂದ ತಂದೆ!" ಎಂದೆ. ಇದರಲ್ಲಿ ಸುಳ್ಳೇನಿದೆ? ಇಪ್ಪತ್ತು ಹೆಜ್ಜೆ ಕೋಲಿನಿಂದಲೇ ತಂದದ್ದು.

ಕೆಲಸ ಓಡಿತು. ನಿಜವಾಗಿಯೂ ಓಡಿತು! ನಾನು ಸ್ನಾನ ಮಾಡಿ, ಮಡಿ ಪಂಚೆ ಉಟ್ಟು ಪೂಜೆಗೆ ಕುಳಿತೆ. ಅತ್ತ ಅನ್ನ, ಹೆಸರುಬೇಳೆ ತೊವ್ವೆ, ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ತಂಬುಳಿ ಒಂದರ ಹಿಂದೊಂದು ಇಳಿದವು. ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ, ಎಲ್ಲ ಸಿದ್ಧ. ಅಭಿಷೇಕ ಮುಗಿಸಿದ ನನ್ನ ಎದೆ ಒಂದು ಅಂಗುಲ ಉಬ್ಬಿತು.

"ಪರವಾಗಿಲ್ಲ ಕಣ್ರೀ, ಸೀಕ್ರಂ ಆಯ್ತು" ಎಂದು ಜಯಾಳೇ ಒಪ್ಪಿಕೊಂಡಳು. ಬಿಡುವಾಯಿತಲ್ಲ, ಹೊಸ್ತಿಲ ಹೊರಗಿನ ಗೋಡೆಗೆ ನಾನು ಅಂಟಿಸಿದ್ದ ಚಾರ್ಟಿನ ಮುಂದೆ ನಿಂತು, ಕೈ ಹಿಂದಕ್ಕೆ ಕಟ್ಟಿಕೊಂಡು ಗಟ್ಟಿಯಾಗಿ ಓದತೊಡಗಿದಳು. ನಾನು ಕಣ್ಣು ಮುಚ್ಚಿ, ಹೊಗಳಿಕೆಗೆ ಕಿವಿ ತೆರೆದುಕೊಂಡೆ.

"ಐದನೇ ಕೆಲಸ, ಗಳುವಿನಿಂದ ಸೀರೆ ಇಳಿಸಿದ್ದು, ಹನ್ನೊಂದು ಸೆಕೆಂಡು. ಆರನೇ ಕೆಲಸ, ಕೋಲಿನಲ್ಲಿ ಸಾಗಣೆ, ಇಪ್ಪತ್ತು ಹೆಜ್ಜೆ. ಏಳನೇ ಕೆಲಸ, ಸೀರೆ ಜಾರಿತು. ಎರಡೂ ಕೈಯಿಂದ ಹಿಡಿದೆ. ಮೂರು ಸೆಕೆಂಡು."

ನಡೆದದ್ದನ್ನು ನಡೆದ ಹಾಗೆಯೇ ಬರೆದಿದ್ದೆ! ವಿದ್ಯೆಗೆ ದ್ರೋಹ ಬಗೆದಿರಲಿಲ್ಲ!

"ಏನ್ರೀ ಇದು?"

"ಅದು... ಮೂರೇ ಸೆಕೆಂಡು, ಜಯಾ."

"ಮೂರು ಸೆಕೆಂಡಾ? ಮೂರು ಸೆಕೆಂಡು ಮುಟ್ಟಿದ್ರೆ ಮೈಲಿಗೆ ಅಲ್ವಾ? ಬಸ್ಸಲ್ಲಿ ಊರನ್ನೆಲ್ಲ ಉಜ್ಜಿಕೊಂಡು ಬಂದ ಕೈ! ಆ ಸೀರೆ ಉಟ್ಟು ಇಷ್ಟು ಹೊತ್ತೂ ಅಡಿಗೆ ಮಾಡಿದ್ದೀನಿ! ಅಷ್ಟೂ ಮೈಲಿಗೆ!"

"ಯಾರೂ ನೋಡಲಿಲ್ಲವಲ್ಲ ಅಂತ..."

"ನೀವೇ ನೋಡಿ, ಬರೆದು, ಗೋಡೆಗೆ ಅಂಟಿಸಿದ್ದೀರಲ್ರೀ!"

ಅವಳು ಬಾವಿಗೆ ಓಡಿದಳು. ಹೊಸದಾಗಿ ಸ್ನಾನ, ಒದ್ದೆ ಸೀರೆಯಲ್ಲೇ ಹೊಸ ಅಡಿಗೆ, ಬೇರೆ ದಾರಿಯಿಲ್ಲ. ಆತುರದಲ್ಲಿ ಕೊಡದ ಮೇಲೆ ಕೊಡ ತಲೆಯ ಮೇಲೆ ಸುರಿದುಕೊಂಡಳು. ಆ ನೀರೆಲ್ಲ ಹೋದದ್ದು ಎಲ್ಲಿಗೆ? ಹದಿನಾರು ಹೆಜ್ಜೆ ಉಳಿಸಲೆಂದು ಬಾವಿಕಟ್ಟೆಯ ಪಕ್ಕ ನಾನು ಜೋಡಿಸಿದ್ದ ಕಟ್ಟಿಗೆಯ ಮೇಲೆ!

ಒಲೆಯಲ್ಲಿ ಹೊಗೆ ಬಿಟ್ಟು ಬೇರೇನೂ ಹುಟ್ಟಲಿಲ್ಲ. ಜಯಾ ಊದಿದಳು. ಊದುಕೊಳವೆಗೆ ಕೈ ಚಾಚಿದೆ. "ಮುಟ್ಟಬೇಡಿ! ಇನ್ನೇನು ಮುಟ್ಟಿದ್ರೂ ನಾನು ಬಾವಿಗೇ ಹೋಗಿ ಬಿದ್ದುಬಿಡ್ತೀನಿ!" ಎಂದಳು. ಕಣ್ಣೀರು ಹೊಗೆಯದೋ ಸಿಟ್ಟಿನದೋ ತಿಳಿಯಲಿಲ್ಲ. ಆರೂ ಹದಿನೈದಾಯಿತು. ಆರೂ ಇಪ್ಪತ್ತೈದಾಯಿತು. ಅಕ್ಕಿ ತಣ್ಣೀರಿನಲ್ಲಿ ನೆಮ್ಮದಿಯಾಗಿ ಮಲಗಿತ್ತು. ಇಷ್ಟು ದಿನ ಸೆಕೆಂಡುಗಳನ್ನು ಬೆನ್ನಟ್ಟಿದವನನ್ನು ಈಗ ಸೆಕೆಂಡುಗಳೇ ಅಟ್ಟಿಸಿಕೊಂಡು ಬಂದವು.

ದೇವರ ಕೋಣೆಯಲ್ಲಿ ಅಮ್ಮ ಗೋಡೆಗೆ ಒರಗಿ ಕುಳಿತಿದ್ದಳು. ತುಟಿ ಒಣಗಿತ್ತು. ಮುಖ ಬಾಡಿತ್ತು. ನಿನ್ನೆಯಿಂದ ಒಂದು ಗುಟುಕು ನೀರಿಲ್ಲದ ಮುದುಕಿ. ನಲವತ್ತು ವರ್ಷದ ವ್ರತವನ್ನು ಮೂರು ಸೆಕೆಂಡಿನಲ್ಲಿ ಕೆಡಿಸಿದ ಮಗ ನಾನು.

"ಅಮ್ಮಾ, ನನ್ನಿಂದ ತಪ್ಪಾಯ್ತು. ಆರೂ ಮೂವತ್ಮೂರು. ಅನ್ನ ಆಗಲ್ಲ" ಎಂದೆ.

ಅಮ್ಮ ಕಣ್ಣು ತೆರೆದಳು. "ಅಭಿಷೇಕ ಆಯ್ತು ತಾನೆ?"

"ಆಯ್ತು."

"ತೀರ್ಥ ಇದೆ ತಾನೆ?"

"ಇದೆ."

"ಕೊಡು ಮತ್ತೆ. ಮರದ ಹಾಗೆ ನಿಂತಿದ್ದೀಯಲ್ಲ."

ಉದ್ಧರಣೆಯಲ್ಲಿ ತೀರ್ಥ ಕೊಟ್ಟೆ. ಒಂದು ತುಳಸಿ ದಳದ ಜೊತೆ ಅದನ್ನು ಕಣ್ಣಿಗೊತ್ತಿ ಕುಡಿದಳು. "ಕೃಷ್ಣಾ!" ಎಂದಳು. "ಆಯ್ತು ಪಾರಣೆ."

"ಆಯ್ತೇ?"

"ವೇಳೆ ಸಾಲದೆ ಇದ್ರೆ ತೀರ್ಥದಲ್ಲಿ ಪಾರಣೆ ಮಾಡಿದ್ರೆ ಸಾಕು, ದ್ವಾದಶಿ ಉಳೀತು. ಊಟ ಆಮೇಲೆ ನಿಧಾನಕ್ಕೆ. ಜಯಾ, ಹೊಗೇಲಿ ಸಾಯ್ಬೇಡಮ್ಮಾ, ಈಚೆ ಬಾ, ನೀನೂ ತೀರ್ಥ ತೊಗೋ!"

ಇಪ್ಪತ್ತೆಂಟು ಕೆಲಸಗಳ ನನ್ನ ಚಾರ್ಟನ್ನು ಅಮ್ಮ ಒಂದು ಉದ್ಧರಣೆ ನೀರಿನಲ್ಲಿ ಮುಳುಗಿಸಿದ್ದಳು.

"ನಿಂಗೆ ಇದು ಮೊದಲೇ ಗೊತ್ತಿತ್ತಾ ಅಮ್ಮಾ?"

"ನಮ್ಮತ್ತೆ ಹೇಳಿಕೊಟ್ಟದ್ದು. ಎಲ್ಲರಿಗೂ ಗೊತ್ತು. ಮೂರು ದಿನ ಹೊಸ್ತಿಲಲ್ಲಿ ಗಡಿಯಾರ ಹಿಡ್ಕೊಂಡು ಕೂತಿದ್ದೆಯಲ್ಲೋ ಬದರಿ, ಕೆಲಸ ಮಾಡೋರನ್ನ ಒಂದು ಮಾತು ಕೇಳಿದೆಯಾ?"

ಸೋಮವಾರ ಚಾರ್ಟಿನ ಜೊತೆಗೆ ಇದನ್ನೂ ನಡೆದ ಹಾಗೆಯೇ ಬರೆದುಕೊಟ್ಟೆ. ರಘುರಾಮ್ ಓದುತ್ತ ಓದುತ್ತ ನಕ್ಕರು. ಜನ್ಮದಲ್ಲಿ ಮೊದಲ ಸಲವೋ ಏನೋ, ಟೈ ಸಡಿಲ ಮಾಡಿಕೊಂಡು ನಕ್ಕರು. ಕೊನೆಗೆ ಕೆಂಪು ಶಾಯಿಯಲ್ಲಿ ಬರೆದದ್ದು ಇದು: 'ಬೊಂಬಾಯಿಗೆ ಕಳಿಸಬೇಕಾದವರು ಈತನಲ್ಲ. ಈತನ ತಾಯಿ.'

ಮನೆಗೆ ಬಂದು ಆ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ತಮಾಷೆಗೆ ನಗುತ್ತಾಳೆಂದುಕೊಂಡಿದ್ದೆ. ಅವಳು ಗಂಭೀರವಾಗಿ ಯೋಚಿಸಿದಳು. "ಏಕಾದಶಿ ಬಿಟ್ಟು ಬೇರೆ ಯಾವ ದಿನ ಆದ್ರೂ ಸರಿ ಅಂತ ಬರಿ. ಜಯಾನೂ ಬರ್ತಾಳೆ" ಎಂದಳು.

"ಮತ್ತೆ ನಾನು?" ಎಂದೆ.

"ನೀನು ಯಾಕಪ್ಪಾ? ನಮ್ಮನ್ನ ಕರೆದಿರೋದು ಅವರಿಗೆ ಕಲಿಸೋಕ್ಕೆ ತಾನೆ?"