ಹಿತ್ತಾಳೆಯ ಮೇಲೊಂದು ಕಣ್ಣು

ಪಿಸ್ತೂಲಿನ ಗುಂಡು ಕೊಳ್ಳುವವರೆಲ್ಲ ಮುಂದಕ್ಕೆ ಹಾರುವುದನ್ನು ನೋಡಿ ಕೊಳ್ಳುತ್ತಾರೆ. ವರ್ಲಿನ್ ಹಾಗ್‌ಸ್ಟಾಡ್ ಮಾತ್ರ ಹಿಂದೆ ಬೀಳುವುದನ್ನು ನೋಡಿ ಕೊಳ್ಳುತ್ತಿದ್ದ. ಗುಂಡು ಎಲ್ಲಿಗಾದರೂ ಹೋಗಲಿ, ಅದು ಹೋದ ಮೇಲೆ ಪಿಸ್ತೂಲಿನಿಂದ ಚಂಗನೆ ಸಿಡಿದು ಬೀಳುವ ಹಿತ್ತಾಳೆಯ ಖಾಲಿ ತೋಟಾ ಇದೆಯಲ್ಲ, ಅದೇ ಅವನ ಪರಮಾರ್ಥ. ಅದನ್ನು ಆರಿಸಿ ತಂದು, ತೊಳೆದು, ಹೊಳಪು ಕೊಟ್ಟು, ತಳಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ತುಂಬಿ, ಬಾಯಿಗೊಂದು ಗುಂಡು ಒತ್ತಿದರೆ ಮತ್ತೆ ಹೊಚ್ಚ ಹೊಸದು. ಮಿನ್ನೆಸೋಟಾದ ಆ ಪುಟ್ಟ ಊರಿನ ಅವನ ಮನೆಯ ನೆಲಮಾಳಿಗೆಯಲ್ಲಿ, ಹೆಂಡತಿ ಅರ್ಡಿಸ್ ಹಾಕಿಟ್ಟ ಸೌತೆಕಾಯಿ ಉಪ್ಪಿನಕಾಯಿಯ ಭರಣಿಗಳ ಪಕ್ಕದಲ್ಲೇ, ಈ ಪುನರ್ಜನ್ಮದ ಕಾರ್ಖಾನೆ ನಡೆಯುತ್ತಿತ್ತು. (ಭರಣಿಗಳೂ ತನ್ನವು, ನೆಲಮಾಳಿಗೆಯೂ ತನ್ನದು ಎಂಬುದು ಅರ್ಡಿಸ್‌ಳ ವಾದ. ವರ್ಲಿನ್ ಈವರೆಗೆ ಮೇಲ್ಮನವಿ ಸಲ್ಲಿಸಿಲ್ಲ.)

ಗ್ಯಾಸ್ ಲಾರಿ ಓಡಿಸುವ ಕೆಲಸದಿಂದ ನಿವೃತ್ತನಾದ ಮೇಲೆ ಅವನು ಕೆಳಗೆ, ಅವಳು ಮೇಲೆ ಎಂಬಂತಾಗಿತ್ತು ಸಂಸಾರ. ಊಟದ ಹೊತ್ತಿಗೆ ಅವಳು ಅಡುಗೆಮನೆಯ ನೆಲವನ್ನು ಪೊರಕೆ ಹಿಡಿಯಿಂದ ಕುಟ್ಟುತ್ತಿದ್ದಳು. ಇವನು ಹತ್ತಿ ಬಂದು, ಓವನ್ನಿನಲ್ಲಿ ಬೇಯಿಸಿದ ಆಲೂಗಡ್ಡೆಯ ಹಾಟ್‌ಡಿಶ್ ತಿಂದು, "ಚೆನ್ನಾಗಿದೆ" ಎಂದು ಮತ್ತೆ ಇಳಿಯುತ್ತಿದ್ದ. ಒಂದು ದಿನ ಬೆಳಗಿನಿಂದ ತಾವಿಬ್ಬರೂ ಆಡಿದ ಮಾತು "ಉಪ್ಪು ಕೊಡು" ಎಂಬುದೊಂದೇ ಎಂದು ಹೊಳೆದು ಅವನಿಗೆ ಕಸಿವಿಸಿಯಾಯಿತು. ಹೀಗೇ ಬಿಟ್ಟರೆ ಉಪ್ಪೂ ಕೈಗೆಟಕುವಷ್ಟು ಹತ್ತಿರ ಇಟ್ಟುಕೊಂಡು ಮಾತೇ ನಿಂತುಹೋದೀತು ಎಂದು ಹೆದರಿಕೆಯೂ ಆಯಿತು. ಅಂದಿನಿಂದ ಶೂಟಿಂಗ್ ಕ್ಲಬ್ಬಿಗೆ ಬಾ ಬಾ ಎಂದು ಅವಳ ದುಂಬಾಲು ಬಿದ್ದ. ಕೊನೆಗೊಂದು ಶನಿವಾರಕ್ಕೆ ಅವಳು ಒಪ್ಪಿದಳು, ಅದೂ ಷರತ್ತಿನ ಮೇಲೆ.

"ಉಪ್ಪಿನಕಾಯಿ ಪಕ್ಕ ಕೂತು ನೀನು ಮಾಡಿದ ಗುಂಡು ನಾನು ಮುಟ್ಟಲ್ಲ. ಅಂಗಡೀದೇ ಬೇಕು. ಡಬ್ಬಿ ಒಡೆದಿರಬಾರದು."

"ನಂದರಲ್ಲಿ ಏನು ದೋಷ ಕಂಡೆ?"

"ನೀನು ಮಾಡಿದ್ದು ಅನ್ನೋದೇ ದೋಷ."

ವರ್ಲಿನ್‌ಗೆ ಬೇಜಾರಾಗಲಿಲ್ಲ. ಅಂಗಡಿಯ ಗುಂಡು ಎಂದರೆ ಹೊಸ ಹಿತ್ತಾಳೆ. ಹೆಂಡತಿಯ ಜತೆಗೆ ಹೊಸ ಹಿತ್ತಾಳೆಯೂ ಬರುವುದಾದರೆ ಬೇಡ ಎನ್ನುವಷ್ಟು ವೈರಾಗ್ಯ ಅವನಿಗೆ ಬಂದಿರಲಿಲ್ಲ.

ಗುಂಡು ಮಾರುವ ಮೆರಿಟ್‌ನ ಅಂಗಡಿಗೆ ಅವನು ಹೋದದ್ದು ಹೆಣ್ಣು ನೋಡಲು ಹೋಗುವ ಗಂಡಿನ ಕಡೆಯವರ ಗತ್ತಿನಲ್ಲಿ. ಜೇಬಿನಲ್ಲಿ ಅಯಸ್ಕಾಂತ, ಕೊರಳಲ್ಲಿ ಭೂತಗನ್ನಡಿ. ಮೊದಲ ಡಬ್ಬಿಯ ತೋಟಾಕ್ಕೆ ಅಯಸ್ಕಾಂತ ಟಕ್ಕನೆ ಅಂಟಿಕೊಂಡಿತು.

"ಹಿತ್ತಾಳೆ ಬಣ್ಣ, ಒಳಗೆ ಉಕ್ಕು. ಇಂಥವನ್ನ ನನ್ನೆದುರಿಗೆ ಇಡ್ತೀಯಲ್ಲ ಮೆರಿಟ್, ನಾಚಿಕೆ ಆಗಲ್ವಾ?"

"ಇದನ್ನ ನೋಡು. ಸೈನ್ಯಕ್ಕೆ ಹೋಗೋ ಮಾಲು."

"ಬೇಡ. ಕೇಪಿನ ಸುತ್ತ ಒತ್ತಿ ಬಿಗಿದುಬಿಟ್ಟಿರ್ತಾರೆ. ಹೊಸ ಕೇಪು ಕೂರಿಸೋ ಮುಂಚೆ ಒಂದೊಂದನ್ನೂ ಕೆರೀತಾ ಕೂರಬೇಕು."

"ಇದು?"

"ಚಿಕ್ಕ ಕೇಪಿಂದು. ನನ್ನ ಹತ್ರ ಇರೋದೆಲ್ಲ ದೊಡ್ಡದು. ಇಂಥದ್ದೊಂದು ನನ್ನ ಬಕೆಟ್‌ಗೆ ಬಿದ್ರೆ ಕೇಪು ಕೂರಿಸೋ ಯಂತ್ರ ಅಲ್ಲೇ ಕಚ್ಕೊಂಡು ನಿಲ್ಲುತ್ತೆ."

ಮೆರಿಟ್ ಗಲ್ಲದ ಮೇಲೆ ಕೈಯಿಟ್ಟು ಕೂತ. "ಅರ್ಡಿಸ್‌ಗೆ ಅಂತ ತಾನೇ ನೀನು ಹೇಳಿದ್ದು? ಒದೆತ ಕಮ್ಮಿ ಇರೋದು ಬೇಕಾ, ಗುರಿ ಚೆನ್ನಾಗಿ ಬೀಳುತ್ತಾ, ಏನೂ ಕೇಳಲ್ವಲ್ಲ ನೀನು?"

"ಅದೆಲ್ಲ ಹೇಗೋ ಆಗುತ್ತೆ" ಎಂದ ವರ್ಲಿನ್.

ಕೊನೆಗೆ ದಪ್ಪ ಗೋಡೆಯ, ದೊಡ್ಡ ಕೇಪಿನ, ಅಪ್ಪಟ ಹಳದಿಯ ತೋಟಾಗಳ ಡಬ್ಬಿಯೊಂದು ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. ಇದನ್ನು ಕಮ್ಮಿಯೆಂದರೂ ಹತ್ತಾರು ಸಲ ತುಂಬಿಸಬಹುದು. ಹೆಂಡತಿಗೆ ಬಳೆ ಕೊಂಡವನ ಹಾಗೆ ಅದನ್ನು ಎದೆಗವಚಿಕೊಂಡು ಮನೆಗೆ ಬಂದ.

ಶನಿವಾರ ಅರ್ಡಿಸ್ ಚರ್ಚಿಗೆ ಹಾಕಿಕೊಳ್ಳುವ ನೀಲಿ ಕೋಟು ತೊಟ್ಟು ಕ್ಲಬ್ಬಿಗೆ ಬಂದಿದ್ದಳು. ಪಿಸ್ತೂಲು ಹಿಡಿಯುವುದನ್ನು ವರ್ಲಿನ್ ತೋರಿಸಿಕೊಟ್ಟ, ಅವಳು ಹಿಡಿದಳು. ಮೊದಲ ಗುಂಡು ಢಮ್ಮೆಂದಿತು. ಅಷ್ಟೇ, ವರ್ಲಿನ್‌ನ ಕತ್ತು ಬಲಕ್ಕೆ ತಿರುಗಿತು. ತೋಟಾ ಬೆಂಚಿಗೆ ಬಡಿದು, ಪುಟಿದು, ಜಲ್ಲಿಕಲ್ಲಿನ ಸಂದಿಗೆ ಉರುಳಿತು. ಎರಡನೆಯದು ಅದಕ್ಕಿಂತ ದೂರ. ಮೂರನೆಯದು ಸಿಡಿಯುವಷ್ಟರಲ್ಲಿ ಅವನು ಮೊಣಕಾಲೂರಿ ಹ್ಯಾಟು ಒಡ್ಡಿದ್ದ. ಹಿಂದೆಂದೂ ಪಿಸ್ತೂಲು ಮುಟ್ಟದ ಹೆಂಗಸು ಮೊದಲ ಸಲ ಗುಂಡು ಹಾರಿಸುತ್ತಿದ್ದಾಳೆ, ಅವಳ ಗಂಡ ಬೆಂಚಿನ ಕೆಳಗೆ.

ಪಕ್ಕದ ಬೆಂಚಿನಲ್ಲಿ ಫರ್ನ್ ಇದ್ದಳು. ಚರ್ಚಿನ ಹಾಡಿನ ತಂಡದಲ್ಲಿ ಅರ್ಡಿಸ್ ಪಕ್ಕದಲ್ಲೇ ನಿಂತು ಹಾಡುವವಳು. ಎಲ್ಲರೂ ಪಿಸ್ತೂಲು ಕೆಳಗಿಟ್ಟು ಗುರಿಹಲಗೆಗಳನ್ನು ನೋಡಲು ಹೋದಾಗ ಅವಳು ಅರ್ಡಿಸ್‌ಳ ಗುರಿಹಾಳೆಯ ಮುಂದೆ ನಿಂತುಬಿಟ್ಟಳು. ತೂತುಗಳೆಲ್ಲ ಕಾಫಿ ಲೋಟದ ತಳದಷ್ಟು ಜಾಗದಲ್ಲಿ ಗುಂಪಾಗಿದ್ದವು.

ಅರ್ಡಿಸ್ ಹಾಳೆ ಹಿಡಿದುಕೊಂಡು ಗಂಡನ ಹತ್ತಿರ ಬಂದಳು. ಅವಳ ಮುಖ ಕೆಂಪಗಾಗಿತ್ತು. "ನೋಡಿದ್ಯಾ?"

"ಒಂದು ಸಿಗ್ತಾ ಇಲ್ಲ" ಎಂದ ವರ್ಲಿನ್, ನೆಲದಿಂದ ಕಣ್ಣೆತ್ತದೆ.

"ಎಲ್ಲಾ ಇಲ್ಲೇ ಇದೆಯಲ್ಲ, ಹಾಳೇಲಿ."

"ಗುಂಡಲ್ಲ ಮಾರಾಯ್ತಿ, ತೋಟಾ. ಸ್ವಲ್ಪ ಕಾಲು ಎತ್ತು."

ಅವಳು ಕಾಲು ಎತ್ತಿದಳು. ತೋಟಾ ಸಿಕ್ಕಿತು. ಹಾಳೆಯನ್ನು ಅವಳು ನಾಲ್ಕಾಗಿ ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡಳು.

ಮನೆಗೆ ಬರುವ ದಾರಿಯಲ್ಲಿ ಉಪ್ಪು ಕೇಳುವಷ್ಟು ಮಾತೂ ಇರಲಿಲ್ಲ. ಮನೆ ಹತ್ತಿರ ಬಂದಾಗ ಅವಳೇ ಹೇಳಿದಳು: "ನೀನು ನನ್ನನ್ನ ಕರ್ಕೊಂಡು ಹೋಗಿದ್ದು ಹಿತ್ತಾಳೆ ಖಾಲಿ ಮಾಡಿಕೊಡೋದಕ್ಕೆ."

"ಹಾಗಲ್ಲ ಅರ್ಡಿಸ್..."

"ಮುಂದಿನ ಸಲ ಫರ್ನ್ ಜತೆ ಹೋಗ್ತೀನಿ. ಹೆಂಗಸರದೇ ಒಂದು ತಂಡ ಇದೆಯಂತೆ. ಅವಳಾದ್ರೆ ಮೇಲೆ ನೋಡ್ತಾಳೆ."

ಆ ವಾರವೆಲ್ಲ ವರ್ಲಿನ್ ನೆಲಮಾಳಿಗೆಯಲ್ಲಿ ಸುಮ್ಮನೆ ಕೂತ. ಹೊಳಪಿನ ಯಂತ್ರ ಗರಗರ ತಿರುಗುತ್ತಿತ್ತು, ತೋಟಾಗಳು ಬಂಗಾರದ ಹಾಗೆ ಹೊರಬಂದವು, ಅವನಿಗೆ ಒಂದನ್ನೂ ಎತ್ತಿ ನೋಡುವ ಮನಸ್ಸಾಗಲಿಲ್ಲ. ಎಷ್ಟೋ ವರ್ಷದಿಂದ ಅವಳು "ನೋಡಿದ್ಯಾ" ಎಂದು ಕೇಳಿರಲಿಲ್ಲ. ಕೇಳಿದ ದಿನ ತಾನು ನೆಲ ನೋಡುತ್ತಿದ್ದೆ ಎಂಬುದು ಅವನ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು. ಹಾಳೆ ತೋರಿಸು ಎಂದು ಕೇಳಲೂ ಅವನಿಗೆ ಮುಖವಿರಲಿಲ್ಲ.

ಶುಕ್ರವಾರ ಅವನು ಮೆರಿಟ್‌ನ ಅಂಗಡಿಗೆ ಹೋಗಿ ಅಲ್ಯೂಮಿನಿಯಂ ತೋಟಾದ ಡಬ್ಬಿ ಕೇಳಿದ.

ಮೆರಿಟ್ ಕೈಲಿದ್ದ ಕಾಫಿ ಕೆಳಗಿಟ್ಟ. "ವರ್ಲಿನ್, ಅದನ್ನ ಮತ್ತೆ ತುಂಬಕ್ಕಾಗಲ್ಲ. ಒಂದು ಸಲ ಹಾರಿಸಿದ್ರೆ ಕಸ."

"ಗೊತ್ತು."

"ಡಾಕ್ಟರ್ ಏನಾದ್ರೂ ಹೇಳಿದ್ರಾ?"

"ಕಸವೇ ಬೇಕಾಗಿರೋದು. ಕೊಡು."

ಜೀವಮಾನದ ಈ ಮಹಾತ್ಯಾಗವನ್ನು ಅವನು ಅಡುಗೆಮನೆಯ ಮೇಜಿನ ಮೇಲೆ ಇಟ್ಟ. "ಇದರಲ್ಲಿ ಆರಿಸೋ ಅಂಥದ್ದು ಏನೂ ಇಲ್ಲ ಅರ್ಡಿಸ್. ನಾಳೆ ನಿನ್ನನ್ನೇ ನೋಡ್ತೀನಿ. ಒಂದೇ ಒಂದು ಸಲ ಬಾ."

ಅರ್ಡಿಸ್ ಡಬ್ಬಿಯನ್ನು ತಿರುಗಿಸಿ ನೋಡಿದಳು. ಗಂಡನ ಪಾಲಿಗೆ ಇದೆಂಥ ತಪಸ್ಸು ಎಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಫರ್ನ್‌ಗೆ ಫೋನ್ ಮಾಡಿ, ಈ ವಾರ ಬರಲ್ಲ ಅಂದಳು.

ಮಾರನೆಯ ದಿನ ವರ್ಲಿನ್ ಅವಳ ಹಿಂದೆ ಕೈಕಟ್ಟಿ ನಿಂತ. ರೆಪ್ಪೆ ಮಿಟುಕಿಸಲೂ ಮನಸ್ಸಾಗದಷ್ಟು ಗಮನವಿಟ್ಟು ನಿಂತ. ಮೊದಲ ಗುಂಡು ಹಾಳೆಯ ಮೂಲೆಗೆ ಹೋಯಿತು. ಎರಡನೆಯದು ಹಾಳೆಗೇ ಬೀಳಲಿಲ್ಲ. ಮೂರನೆಯದು ಗುರಿಹಲಗೆಯ ಮರದ ಕಾಲಿಗೆ ತಗುಲಿ ಚಕ್ಕೆ ಹಾರಿತು.

ಅರ್ಡಿಸ್ ಪಿಸ್ತೂಲು ಕೆಳಗಿಟ್ಟಳು. "ಹಾಗೆ ನೋಡಬೇಡ."

"ಹೇಗೆ ನೋಡ್ತಿದೀನಿ?"

"ಹಾಗೇ. ಕಿವಿಗೆ ಮುಚ್ಚಳ ಹಾಕ್ಕೊಂಡ್ರೂ ನಿನ್ನ ಉಸಿರು ಕೇಳಿಸ್ತಿದೆ."

"ಉಸಿರಾಡೋದನ್ನೂ ನಿಲ್ಲಿಸ್ಲಾ?"

ಅವಳು ಮತ್ತೆ ಗುರಿ ಇಟ್ಟಳು. ಅವನು ನಿಜಕ್ಕೂ ಉಸಿರು ಬಿಗಿಹಿಡಿದ. ಗುಂಡು ಮಣ್ಣಿನ ದಿಬ್ಬಕ್ಕೆ ಹೋಯಿತು. ಅರ್ಡಿಸ್ ಮತ್ತೆ ಪಿಸ್ತೂಲು ಕೆಳಗಿಟ್ಟಳು. ಅವಳು ತಿರುಗಿದಾಗ ಕಣ್ಣು ತುಂಬಿದ್ದನ್ನು ಕಂಡು ವರ್ಲಿನ್ ಕಂಗಾಲಾದ.

"ನನ್ನಿಂದ ಆಗಲ್ಲ ವರ್ಲಿನ್. ಅಡುಗೆ ಮಾಡುವಾಗ ಕೂಡ ನೀನು ಹಿಂದೆ ಬಂದು ನಿಂತೋನಲ್ಲ. ಈಗ ಹೀಗೆ ನಿಂತ್ರೆ, ತಪ್ಪು ಮಾಡ್ಬಾರದು, ತಪ್ಪು ಮಾಡ್ಬಾರದು ಅಂತಲೇ ತಲೇಲಿ ಓಡುತ್ತೆ. ಅವತ್ತು ನೀನು ಕೆಳಗೆ ಏನೋ ಮಾಡ್ಕೊಂಡಿದ್ದೆ, ನಾನು ಆರಾಮಾಗಿದ್ದೆ."

"ಅವತ್ತು ನೋಡ್ಲಿಲ್ಲ ಅಂತ ಬೈದೆಯಲ್ಲ."

"ಬೈದೆ. ಇವತ್ತು ನೋಡಿದ್ದಕ್ಕೆ ಬೈತಾ ಇದೀನಿ. ಹೋಗು, ಕೆಳಗೆ ಏನಾದ್ರೂ ಆರಿಸು."

"ಆರಿಸೋಕೆ ಏನಿದೆ? ಎಲ್ಲಾ ಅಲ್ಯೂಮಿನಿಯಂ."

"ಆದ್ರೂ ಆರಿಸು."

ವರ್ಲಿನ್ ಮಂಡಿಯೂರಿದ. ಕೈಗೆ ಸಿಕ್ಕ ಮೊದಲ ತೋಟಾ ಬೂದು ಬಣ್ಣದ್ದು, ಹಗುರವಾದದ್ದು, ಮೂರು ಕಾಸಿಗೂ ಬಾಳದ್ದು. ಅದನ್ನು ಹ್ಯಾಟಿಗೆ ಹಾಕಿದ. ತಲೆಯ ಮೇಲೆ ಢಮ್ಮೆಂದಿತು, ಮತ್ತೊಂದು ಬಂದು ಬಿತ್ತು, ಅದನ್ನೂ ಹಾಕಿದ. ಗುಂಡಿನ ಸದ್ದು ಈಗ ಒಂದೇ ಹದದಲ್ಲಿ, ಅವಸರವಿಲ್ಲದೆ ಬರುತ್ತಿತ್ತು. ಯಾರೋ ಸಿಳ್ಳೆ ಹಾಕಿದರು. ಇನ್ಯಾರೋ ಬೇರೆ ಬೆಂಚಿನವರನ್ನು, ಇಲ್ಲಿ ಬಂದು ನೋಡಿ ಎಂದು ಕರೆದರು. ಬೂಟುಗಳು ಒಂದೊಂದಾಗಿ ಬಂದು ಅವನ ಸುತ್ತ ನಿಂತವು. ಕತ್ತು ಮೇಲೆತ್ತಬೇಕೆಂದು ಅವನಿಗೆ ಪ್ರಾಣ ಹೋಗುವಷ್ಟು ಆಸೆಯಾಯಿತು. ಎತ್ತಲಿಲ್ಲ. ಊರಿನವರೆಲ್ಲ ಅವನ ಹೆಂಡತಿಯನ್ನು ನೋಡುತ್ತಿದ್ದರು. ಅವನು ಅವರಿವರ ಬೂಟುಗಳ ನಡುವೆ ತೆವಳುತ್ತಾ, ಯಾವ ಕೆಲಸಕ್ಕೂ ಬಾರದ ಆ ತೋಟಾಗಳನ್ನು, ಒಂದೂ ತಪ್ಪಿಹೋಗದಂತೆ, ಆದಷ್ಟು ನಿಧಾನವಾಗಿ ಆರಿಸುತ್ತಿದ್ದ.