ನಾನು ಸೇವಾ ನಿಯಮಗಳನ್ನು ಕದ್ದದ್ದು

ಕಣ್ಣು ಕಾಣದವಳು ಒಂದು ಪುಸ್ತಕ ಓದಬೇಕೆಂದು ಹೊರಟರೆ ಸಾಕು, ಕಣ್ಣಿರುವವರು ದಾರಿಯುದ್ದಕ್ಕೂ ನಗಿಸುತ್ತಲೇ ಇರುತ್ತಾರೆ. ಟಿಕೆಟ್ಟಿಲ್ಲದ ನಾಟಕ, ದಿನವೂ ಹೊಸ ಪ್ರದರ್ಶನ.

ನಾನು ಶಿವಾಜಿನಗರದ ಒಂದು ಸರ್ಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿ. ಹುಟ್ಟಿನಿಂದ ಕಣ್ಣಿಲ್ಲ. ಕಂಪ್ಯೂಟರು, ಫೋನು ಎರಡೂ ನನಗೆ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುತ್ತವೆ. ಬಡ್ತಿ ಬೇಕಾದರೆ ಇಲಾಖಾ ಪರೀಕ್ಷೆ ಪಾಸಾಗಬೇಕು, ಪಾಸಾಗಬೇಕಾದರೆ ಸೇವಾ ನಿಯಮಗಳ ಒಂದು ದಪ್ಪ ಕೈಪಿಡಿ ಓದಬೇಕು. ಅದಿಲ್ಲದೆ ಎರಡು ಸಲ ಬರೆದು ಎರಡು ಸಲವೂ ಡುಮ್ಕಿ ಹೊಡೆದಿದ್ದೆ. ನಾನು ಕೆಲಸ ಕಲಿಸಿಕೊಟ್ಟವರೇ ನನಗೆ ಮೇಲಿನವರಾಗಿ ಕೂತಿದ್ದರು. ಹೊಟ್ಟೆ ಉರಿಯದೇ ಇರುತ್ತದೆಯೇ? ಈ ಸಲ ಪುಸ್ತಕ ಕೊಂಡೇಬಿಟ್ಟೆ. ಇನ್ನು ಅದನ್ನು ಫೋನು ಓದುವ ಹಾಗೆ ಮಾಡಬೇಕು, ಅಷ್ಟೆ. ನಮ್ಮಂಥವರು ಹಾಗೆ ಮಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಡ ಎಂದು ಹಕ್ಕುಸ್ವಾಮ್ಯದ ಕಾಯ್ದೆಯೇ ಹೇಳುತ್ತದೆ. ಆದರೆ ಕಾಯ್ದೆ ಹೇಳಿದರೆ ಕೇಳುವವರು ಯಾರು?

೧. ಜೆರಾಕ್ಸ್ ಅಂಗಡಿಯ ನ್ಯಾಯ

ಮೊದಲು ಹೋದದ್ದು ಕಚೇರಿ ಹಿಂದಿನ ಜೆರಾಕ್ಸ್ ಅಂಗಡಿಗೆ. ಸ್ಕ್ಯಾನ್ ಮಾಡಿಕೊಡಿ ಎಂದೆ.

"ಪೂರ್ತಿ ಬುಕ್ ಮಾಡಲ್ಲ ಮೇಡಂ. ಕಾಪಿರೈಟ್ ಇದೆ. ಪೊಲೀಸ್ನೋರು ಒಳಗೆ ಹಾಕ್ತಾರೆ."

ಅವನ ಬೆನ್ನ ಹಿಂದೆ ಮಿಷನ್ನು ಬಿಡುವಿಲ್ಲದೆ ಗರಗರ ಎನ್ನುತ್ತಿತ್ತು. "ಅಲ್ಲೇನು ಆಗ್ತಿದೆ?" ಎಂದು ಕೇಳಿದೆ.

"ಕಾಲೇಜ್‌ನೋರ್ದು ಟೆಕ್ಸ್ಟ್ ಬುಕ್ಕು. ನಲವತ್ತು ಕಾಪಿ."

"ಅದಕ್ಕೆ ಕಾಪಿರೈಟ್ ಇಲ್ವಾ?"

"ಅವ್ರು ಓದೋಕೆ ಮಾಡಿಸ್ಕೊಳ್ತಾರೆ ಮೇಡಂ. ಅದು ಬೇರೆ."

ನಾನೇನು ಅದರ ಮೇಲೆ ಹಪ್ಪಳ ಒಣಗಿಸುತ್ತೇನೆ ಎಂದುಕೊಂಡನೋ ಏನೋ.

೨. ಗೋಡೆಗೆ ಕಿವಿ

ಇಂದಿರಾನಗರದಲ್ಲಿ ಪ್ರಕಾಶಕರ ಆಫೀಸಿದೆ. ಅಕ್ಷರಗಳ ಫೈಲು ಅವರ ಹತ್ತಿರವೇ ಇರುತ್ತದಲ್ಲ, ಕೇಳಿದರೆ ಕೆಲಸ ಸುಲಭ ಎಂದುಕೊಂಡೆ. ಕೆ.ಆರ್. ಪುರದ ರೂಮಿನಲ್ಲಿ ನನ್ನ ಜೊತೆ ಇರುವ ಯಾದಗಿರಿಯ ಗೆಳತಿ ಬಂದಿದ್ದಳು. ಮ್ಯಾನೇಜರು ಮಾತಾಡಿದ್ದೆಲ್ಲ ಅವಳ ಹತ್ತಿರ.

"ಇವ್ರಿಗೆ ಏನ್ ಬೇಕಂತೆ?"

"ಅಕೀನ್ನ ಕೇಳ್ರಿ. ಕಣ್ಣಷ್ಟೇ ಕಾಣಂಗಿಲ್ಲ, ಕಿವಿ ಛಲೋ ಅದಾವ," ಎಂದಳು ಗೆಳತಿ.

ನಾನು ಕಾಯ್ದೆ ಹೇಳಿದೆ. ಆತ ಗಂಟಲು ಸರಿಮಾಡಿಕೊಂಡ. "ಕಾನೂನು ಇದೆ ಮೇಡಂ, ಒಪ್ತೀನಿ. ಆದ್ರೆ ನಮ್ಮಲ್ಲಿ ಪಾಲಿಸಿ ಇಲ್ವಲ್ಲ!" ಅರ್ಧ ಗಂಟೆ ಫೋನಿನಲ್ಲಿ ಯಾರನ್ನೋ ವಿಚಾರಿಸಿ, ಕೊನೆಗೆ ಒಂದು ಷರತ್ತು ಹಾಕಿದ. ಪುಸ್ತಕವನ್ನು ಹೆಡ್‌ಫೋನ್ ಹಾಕಿಕೊಂಡೇ ಕೇಳುತ್ತೇನೆ, ಕಣ್ಣಿರುವ ಯಾರ ಕಿವಿಗೂ ಬೀಳದಂತೆ ನೋಡಿಕೊಳ್ಳುತ್ತೇನೆ ಎಂದು ನಾನು ಬರೆದುಕೊಡಬೇಕಂತೆ.

ಬರೆದುಕೊಟ್ಟೆ. ಗಳಿಕೆ ರಜೆಯ ನಿಯಮಗಳನ್ನು ಕದ್ದು ಕೇಳಲು ಗೋಡೆಗೆ ಕಿವಿ ಹಚ್ಚಿ ನಿಲ್ಲುವ ಕಳ್ಳ ಕೆ.ಆರ್. ಪುರದಲ್ಲಿ ಇನ್ನೂ ಹುಟ್ಟಿಲ್ಲ.

೩. ಕಲರ್ ಫೈಲು

ತಿಂಗಳಾದ ಮೇಲೆ ಫೈಲು ಬಂತು. ಆಸೆಯಿಂದ ತೆರೆದೆ. ಫೋನು ಓದಿತು: "ಈ ಪುಸ್ತಕವನ್ನು ಪ್ರತಿ ಮಾಡುವುದು ಶಿಕ್ಷಾರ್ಹ ಅಪರಾಧ." ಸರಿ, ಮುಂದಿನ ಪುಟ. "ಈ ಪುಸ್ತಕವನ್ನು ಪ್ರತಿ ಮಾಡುವುದು ಶಿಕ್ಷಾರ್ಹ ಅಪರಾಧ." ಅದರ ಮುಂದಿನದು? ಅದೇ. ಮಹಾನುಭಾವರು ಪುಟಗಳ ಫೋಟೋ ತೆಗೆದು ಕಳಿಸಿದ್ದರು. ಫೋಟೋದೊಳಗಿನ ಅಕ್ಷರ ನನ್ನ ಫೋನಿಗೆ ತಿಳಿಯುವುದಿಲ್ಲ. ಅದಕ್ಕೆ ತಿಳಿಯುವ ಹಾಗೆ ಅವರು ಬರೆದದ್ದು ಆ ಬೆದರಿಕೆಯೊಂದನ್ನೇ.

ಮ್ಯಾನೇಜರಿಗೆ ಫೋನ್ ಮಾಡಿದೆ. ಆತನಿಗೆ ಬೇಜಾರಾಯಿತು.

"ಏನ್ ಮೇಡಂ ಹೀಗಂತೀರಾ? ಎಷ್ಟು ಕ್ಲಿಯರ್ ಆಗಿದೆ! ನಿಮಗೋಸ್ಕರ ಅಂತ ಕಲರ್‌ನಲ್ಲಿ ಮಾಡ್ಸಿದೀವಿ."

೪. ಕೊನೆಗೆ ನಾವೇ

ಅವರ ಫೈಲಿಗೆ ಬೇರೆ ಬೀಗ ಹಾಕಿದ್ದರು, ಕಂಪ್ಯೂಟರಿಗೂ ಅದರಿಂದ ಅಕ್ಷರ ತೆಗೆಯಲಾಗಲಿಲ್ಲ. ಇವರನ್ನು ನಂಬಿದರೆ ನಿವೃತ್ತಿಯ ದಿನ ಬಡ್ತಿ ಸಿಗುತ್ತದೆ ಎಂದು ಖಾತ್ರಿಯಾಯಿತು. ಗೆಳತಿ ಮಾರತ್ತಹಳ್ಳಿಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಪಾಪ, ವಾರದ ರಜೆಗಳನ್ನೆಲ್ಲ ನನಗೇ ಕೊಟ್ಟಳು. ಅವಳು ಒಂದೊಂದೇ ಪುಟ ಸ್ಕ್ಯಾನ್ ಮಾಡುವುದು, ಕಂಪ್ಯೂಟರು ಅದನ್ನು ಅಕ್ಷರವಾಗಿಸುವುದು, ತಪ್ಪಿದ್ದಲ್ಲಿ ಅವಳು ಓದಿ ಹೇಳಿದ್ದನ್ನು ನಾನು ತಿದ್ದುವುದು. ಪಿಂಚಣಿ ಅಧ್ಯಾಯ ಮುಗಿಯುವಷ್ಟರಲ್ಲಿ ಅವಳು ಸುಸ್ತಾಗಿ ಪುಸ್ತಕ ಮಡಚಿದಳು.

"ಯವ್ವಾ, ಇದು ಕಣ್ಣಿದ್ದವ್ರಿಗೂ ತಿಳಿಯಂಗಿಲ್ಲ ಬಿಡು. ಸುಳ್ಳೇ ನೀ ಒಬ್ಬಾಕಿನ ತ್ರಾಸ್ ಮಾಡ್ಕೋತಿ."

ಆದರೂ ಮುಗಿಸಿದೆವು. ಪರೀಕ್ಷೆ ಬರೆದೆ, ಪಾಸಾದೆ, ಮೇಲಿನವರ ಸಾಲಿನಲ್ಲಿ ನನಗೂ ಒಂದು ಕುರ್ಚಿ ಬಂತು. ಆ ದಿನ ನಾನು ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ.

೫. ಮ್ಯಾನೇಜರ ಫೋನು

ಆ ಫೈಲನ್ನು ಬೇರೆ ಊರುಗಳಲ್ಲಿ ಕಣ್ಣು ಕಾಣದ ಏಳೆಂಟು ನೌಕರರಿಗೂ ಕಳಿಸಿದ್ದೆ. ಒಂದು ಬೆಳಿಗ್ಗೆ ಕಚೇರಿಯಲ್ಲಿದ್ದಾಗ ಪ್ರಕಾಶಕರ ಮ್ಯಾನೇಜರು ಫೋನ್ ಮಾಡಿದ. ಬಂತು ಕೇಸು ಎಂದುಕೊಂಡೆ.

"ಮೇಡಂ, ನಮ್ ಬುಕ್ಕನ್ನ ಪೂರ್ತಿ ಟೈಪ್ ಆಗಿರೋ ಥರ ಮಾಡಿದೀರಂತೆ?"

"ಮಾಡಿದೀನಿ. ಕಾಯ್ದೆ ಪ್ರಕಾರಾನೇ ಮಾಡಿದೀನಿ."

"ಅಯ್ಯೋ, ಅದಕ್ಕಲ್ಲ ಮೇಡಂ!" ದನಿ ಬೆಣ್ಣೆಯಾಯಿತು. "ನಮ್ ಕಂಪ್ಯೂಟರ್ ಕೆಟ್ಟೋಗಿ ಒರಿಜಿನಲ್ಲೇ ಹೋಯ್ತು. ಎರಡನೇ ಮುದ್ರಣ ಅರ್ಜೆಂಟು. ನಿಮ್ ಫೈಲ್ ಸ್ವಲ್ಪ ಕಳಿಸ್ತೀರಾ?"

ಹಾಲು ಕುಡಿದಷ್ಟು ಸಂತೋಷವಾಯಿತು. ಆದಷ್ಟು ಗಂಭೀರವಾಗಿ ಹೇಳಿದೆ:

"ಕಳಿಸಬಹುದಿತ್ತು ಸಾರ್. ಆದ್ರೆ ಈ ಫೈಲನ್ನ ನಮ್ಮಂಥ ಅಂಗವಿಕಲರಿಗೆ ಬಿಟ್ಟು ಬೇರೆಯವರಿಗೆ ಕೊಡೋ ಹಾಗಿಲ್ಲ. ಕಾನೂನು. ನಿಮ್ಮ ಅಂಗವೈಕಲ್ಯ ಎಷ್ಟು ಪರ್ಸೆಂಟು?"

ಮ್ಯಾನೇಜರು ಸಣ್ಣ ದನಿಯಲ್ಲಿ ಕೇಳಿದ:

"ಕನ್ನಡಕ ಇದೆ ಮೇಡಂ. ನಡೆಯುತ್ತಾ?"